ಹಳೆಯ ಸೂರ್ಯ ಸತ್ರದ ಮುಂದೆ, ಮಾವನೊಂದಿಗೆ

ಶುಕ್ರವಾರ

ಮಾವ ಇಂಗ್ಲೆಂಡಿಗೆ ಬಂದು ಹನ್ನೆರಡು ದಿನವಾಗಿತ್ತು. ಕೇಂಬ್ರಿಜ್‌ನ ಕಾಲೇಜುಗಳನ್ನು ಒಂದೊಂದಾಗಿ ತೋರಿಸಿದ್ದೆ. ಆ ಕಲ್ಲಿನ ಕಮಾನುಗಳ ಮುಂದೆ ಅವರು ಕೈ ಹಿಂದೆ ಕಟ್ಟಿ ಗೌರವದಿಂದ ನಿಂತರು, ಒಂದನ್ನೂ ಮುಟ್ಟಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, “ಇಲ್ಲಿ ಮರದ ಮನೆಗಳೇ ಇಲ್ಲವೇನು ಮಾರಾಯ?” ಎಂದು ಕೇಳಿದರು. ಆ ಮಧ್ಯಾಹ್ನವೇ ಹೊರಟೆವು.

ಲಂಡನ್ ಕಡೆಗೆ ಹೋಗುವ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ, ಆಡ್ಲಿ ಎಂಡ್ ನಿಲ್ದಾಣ. ಅಲ್ಲಿಂದ ಸ್ಯಾಫ್ರನ್ ವಾಲ್ಡನ್ ಊರಿಗೆ ಸುಮಾರು 3 ಕಿಲೋಮೀಟರ್. ಎಸೆಕ್ಸ್ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಸಣ್ಣ ಪೇಟೆ. ಈ ಸೀಮೆಯಲ್ಲಿ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲಿಲ್ಲ. ಸುಣ್ಣದ ಮಣ್ಣಿನಲ್ಲಿ ಸಿಗುವ ಚಕಮಕಿ ಕಲ್ಲಿನ ಉಂಡೆಗಳಿಂದ ಕೋಟೆ, ಚರ್ಚು ಕಟ್ಟಿದರು. ಉಳಿದವರ ಪಾಲಿಗೆ ಇದ್ದದ್ದು ಓಕ್ ಮರ. ಹಾಗಾಗಿ ಇಲ್ಲಿ ಐದಾರು ನೂರು ವರ್ಷದ ಮರದ ಮನೆಗಳು ಬೀದಿಗೆ ಬೀದಿಯೇ ನಿಂತಿವೆ.

ಮಾವನ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಪ್ರವಾಸದ ಅರ್ಥ ತಿಳಿಯುವುದಿಲ್ಲ. 1964ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಅವರಿಗೆ ಒಂಬತ್ತು ವರ್ಷ. ಶರಾವತಿ ಕಣಿವೆಯ ಮನೆಯನ್ನು ಅಜ್ಜ ಕಂಬ, ತೊಲೆ, ಜಂತೆಗಳಾಗಿ ಬಿಚ್ಚಿ, ಒಂದೊಂದಕ್ಕೂ ಗುರುತು ಹಾಕಿ, ಗಾಡಿಯ ಮೇಲೆ ಹೊರಿಸಿ ಸಾಗರದ ಹತ್ತಿರ ಮತ್ತೆ ನಿಲ್ಲಿಸಿದರು. ಅದನ್ನು ನೋಡಿ ಬೆಳೆದ ಹುಡುಗ ಬಡಗಿಯಾದ, ಆಮೇಲೆ ಗುತ್ತಿಗೆದಾರನಾದ. ಹಳೆಯ ಮನೆಗಳನ್ನು ಕೊಂಡು, ಬಿಚ್ಚಿ, ಕಂಬಗಳನ್ನು ಪೇಟೆಯ ಬಂಗಲೆಗಳಿಗೂ ರೆಸಾರ್ಟುಗಳಿಗೂ ಮಾರುವ ಕೆಲಸ. “ನಲವತ್ತು ಮನೆ ಬಿಚ್ಚಿದ್ದೇನೆ, ಕಟ್ಟಿದ್ದು ಆರು” ಎಂದು ಅವರು ಲೆಕ್ಕ ಹೇಳುವಾಗ ದನಿ ತಗ್ಗುತ್ತದೆ. ಈಗ ಅಜ್ಜ ನಿಲ್ಲಿಸಿದ ನಮ್ಮ ಮನೆಗೇ ಒಬ್ಬ ಗಿರಾಕಿ ಬಂದಿದ್ದಾನೆ. ಪಡುವಣ ಮೂಲೆಯ ಕಂಬದ ಬುಡ ಒರಲೆ ಹಿಡಿದಿದೆ. ರಿಪೇರಿ ಮಾಡಿಸುವುದಕ್ಕಿಂತ ಕೊಟ್ಟುಬಿಡೋಣ ಎಂದು ಮನೆಯವರ ಮಾತು. ಮಾವ ಉತ್ತರ ಕೊಡದೆ ವಿಮಾನ ಹತ್ತಿದ್ದರು.

ಊರು ಸೇರುವಾಗ ಸಂಜೆಯಾಗಿತ್ತು. ಬ್ರಿಡ್ಜ್ ಸ್ಟ್ರೀಟಿನ ಮೂಲೆಯಲ್ಲಿ ಮೊದಲು ಎದುರಾದದ್ದು 1500ರ ಆಸುಪಾಸಿನ ಒಂದು ದೊಡ್ಡ ಮನೆ. ಒಂದು ಕಾಲಕ್ಕೆ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುವ ಮಾಲ್ಟ್ ಕೋಠಿಯಾಗಿತ್ತು, ಕಳೆದ ಶತಮಾನದಲ್ಲಿ ದಶಕಗಳ ಕಾಲ ಯೂತ್ ಹಾಸ್ಟೆಲ್ ಆಗಿತ್ತು. ಮಾವ ರಸ್ತೆ ದಾಟಿ ಹೋಗಿ ಕಂಬದ ಮೇಲೆ ಅಂಗೈ ಇಟ್ಟರು. ಹನ್ನೆರಡು ದಿನದಲ್ಲಿ ಅವರು ಮುಟ್ಟಿದ ಮೊದಲ ಕಟ್ಟಡ ಅದು.

ನಾವು ಉಳಿದ ಮನೆಯೂ ಮರದ್ದೇ. ಓಣಿಯೊಳಗಿನ ಎರಡು ಅಂತಸ್ತಿನ ಮನೆ. ಯಜಮಾನಿ ಎಂಬತ್ತರ ಹತ್ತಿರದ ಹೆಂಗಸು, ಮಹಡಿಯ ಒಂದು ಕೋಣೆಯನ್ನು ಬಾಡಿಗೆಗೆ ಕೊಡುತ್ತಾರೆ. ನೆಲ ಎಷ್ಟು ವಾಲಿದೆಯೆಂದರೆ ಮಂಚದ ಎರಡು ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು ಸಮ ಮಾಡಿದ್ದಾರೆ. ಮಾವ ಮಲಗುವ ಮೊದಲು ಮೊಬೈಲಿನ ಬೆಳಕು ಹಾಕಿ ಚಾವಣಿ ನೋಡುತ್ತಿದ್ದವರು ಒಮ್ಮೆಲೇ ನನ್ನನ್ನು ಎಬ್ಬಿಸಿದರು. ತೊಲೆಯೂ ಕಂಬವೂ ಕೂಡುವಲ್ಲಿ ಉಳಿಯಿಂದ ಗೀರಿದ ಗೆರೆಗಳು. ಮೂರು ಗೀಟು, ಪಕ್ಕದ ಕಂಬದಲ್ಲೂ ಅವೇ ಮೂರು ಗೀಟು. ಮುಂದಿನ ಸಂದಿಯಲ್ಲಿ ನಾಲ್ಕು.

ಅವು ಬಡಗಿಗಳ ಗುರುತು. ಈ ಮನೆಗಳ ಚೌಕಟ್ಟನ್ನು ಬೀದಿಯಲ್ಲಿ ಕಟ್ಟುತ್ತಿರಲಿಲ್ಲ. ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ ಜೋಡಿಸಿ, ಪ್ರತಿ ಸಂದಿಗೂ ರೋಮನ್ ಅಂಕಿ ಕೆತ್ತಿ, ಮತ್ತೆ ಬಿಚ್ಚಿ, ಗಾಡಿಯಲ್ಲಿ ತಂದು ನಿಲ್ಲಿಸುತ್ತಿದ್ದರು. ಎಡಮಗ್ಗುಲು ಬಲಮಗ್ಗುಲು ಬೇರೆಯೆಂದು ತಿಳಿಯಲು ಗೀಟಿಗೆ ಒಂದು ಸಣ್ಣ ಬಾಲ ಸೇರಿಸುವುದೂ ಇತ್ತು. ನಾನು ಇದನ್ನು ವಿವರಿಸಿ ಮುಗಿಸುವ ಮೊದಲೇ ಮಾವ ತಲೆಯಾಡಿಸಿದರು. “ನಮ್ಮ ಅಟ್ಟದ ತೊಲೆಯ ಮೇಲೆ ಅಪ್ಪ ಟಾರಿನಲ್ಲಿ ‘ಬ ೪’ ಎಂದು ಬರೆದದ್ದು ಇನ್ನೂ ಇದೆ. ಬಲಗಡೆಯ ನಾಲ್ಕನೆಯದು.” ಬಹಳ ಹೊತ್ತು ಅವರಿಗೆ ನಿದ್ದೆ ಬರಲಿಲ್ಲ. ನನಗೂ ಬರಲಿಲ್ಲ.

ಶನಿವಾರ

ನಾವು ಬಂದದ್ದೇ ಒಂದು ಕಟ್ಟಡಕ್ಕಾಗಿ. ಚರ್ಚ್ ಸ್ಟ್ರೀಟೂ ಮಾರ್ಕೆಟ್ ಹಿಲ್ಲೂ ಸೇರುವ ಮೂಲೆಯಲ್ಲಿ ಅದು ನಿಂತಿದೆ: ಓಲ್ಡ್ ಸನ್ ಇನ್, ಹಳೆಯ ಸೂರ್ಯ ಸತ್ರ. ಸತ್ರ ಎಂದರೂ ನಮ್ಮ ಧರ್ಮಛತ್ರದ ಹಾಗಲ್ಲ. ದುಡ್ಡು ಕೊಟ್ಟರೆ ಊಟ, ಬಿಯರ್, ಮಲಗಲು ಹಾಸಿಗೆ, ಕುದುರೆಗೆ ಹುಲ್ಲು ಸಿಗುತ್ತಿದ್ದ ಜಾಗ. ಸತ್ರದ ಕೆಲಸ ನಿಂತು ಬಹಳ ಕಾಲವಾಗಿದೆ. ನಡುವೆ ಹಳೆಯ ಸಾಮಾನು ಮತ್ತು ಪುಸ್ತಕಗಳ ಅಂಗಡಿಯೂ ಇಲ್ಲಿ ಇದ್ದದ್ದುಂಟು. ಈಗ ಒಳಗೆ ಜನ ವಾಸವಾಗಿದ್ದಾರೆ. ಖಾಸಗಿ ಮನೆ, ಪ್ರವೇಶವಿಲ್ಲ. ಆದ್ದರಿಂದ ನಾವು ಎದುರು ಬದಿಯ ಕಾಲುದಾರಿಯಲ್ಲಿ ನಿಂತು ನೋಡಿದೆವು. ಬೆಳಿಗ್ಗೆ ಒಂಬತ್ತಕ್ಕೆ ನಿಂತವರು ಊಟದ ಹೊತ್ತಿನವರೆಗೂ ಅಲ್ಲೇ ಇದ್ದೆವು.

ಮೊದಲ ನೋಟಕ್ಕೆ ಅದು ಒಂದು ಕಟ್ಟಡದಂತೆ ಕಾಣುವುದೇ ಇಲ್ಲ. ಬೇರೆ ಬೇರೆ ಎತ್ತರದ ತ್ರಿಕೋನ ಮುಖಗಳು ಒಂದರ ಭುಜಕ್ಕೆ ಇನ್ನೊಂದು ಒರಗಿ ನಿಂತಿವೆ. ಅದರ ಅತಿ ಹಳೆಯ ಭಾಗ 14ನೆಯ ಶತಮಾನದ್ದು. ಮುಂದಿನ ಮುನ್ನೂರು ವರ್ಷಗಳಲ್ಲಿ ಬದಲಾಗುತ್ತ, ಸೇರಿಸಿಕೊಳ್ಳುತ್ತ ಇಂದಿನ ರೂಪಕ್ಕೆ ಬಂದಿದೆ. ಮರದ ಚೌಕಟ್ಟಿನ ಮನೆಗೆ ಇದು ಸುಲಭ. ಇಲ್ಲಿ ಗೋಡೆ ಭಾರ ಹೊರುವುದಿಲ್ಲ. ಭಾರವೆಲ್ಲ ಕಂಬ ತೊಲೆಗಳ ಮೇಲೆ. ಕಂಬಗಳ ನಡುವೆ ಇರುವುದು ನಮ್ಮ ಊರಿನ ಹಾಗೇ ತಡಿಕೆ: ಕೋಲು ಹೆಣೆದು, ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿದ್ದು. ತಡಿಕೆಯನ್ನು ಕಿತ್ತು ಬಾಗಿಲು ಮಾಡಬಹುದು, ಬಾಗಿಲನ್ನು ಮುಚ್ಚಿ ಕೋಣೆ ಮಾಡಬಹುದು. ಕಟ್ಟಡದ ಎಲುಬಿಗೆ ನೋವಾಗುವುದಿಲ್ಲ.

ಮಾವನ ಕಣ್ಣು ಮೊದಲು ಹೋದದ್ದು ಮಹಡಿಯ ಅಡಿಗೆ. ಇಲ್ಲಿ ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಬೀದಿಯ ಕಡೆ ಮುಂದಕ್ಕೆ ಚಾಚಿಕೊಂಡಿದೆ. ಇದಕ್ಕೆ ಜೆಟ್ಟಿ ಎನ್ನುತ್ತಾರೆ. ಬೀದಿಯ ಮೇಲಿನ ಗಾಳಿಯನ್ನು ಬಿಟ್ಟಿಯಾಗಿ ಕೋಣೆಗೆ ಸೇರಿಸಿಕೊಂಡಂತೆ. ಸಿರಿವಂತಿಕೆಯ ಗುರುತೂ ಹೌದು. ನಾನು ಇಷ್ಟೇ ಓದಿಕೊಂಡಿದ್ದೆ. ಮಾವ ಇನ್ನೊಂದು ಹೇಳಿದರು. “ಜಂತೆಯ ತುದಿ ಹೊರಗೆ ಚಾಚಿ, ಆ ತುದಿಯ ಮೇಲೆ ಮಹಡಿಯ ಗೋಡೆ ಕೂರಿಸಿದರೆ ಒಳಗೆ ನಡುಭಾಗ ತಗ್ಗುವುದಿಲ್ಲ. ತುದಿಯಲ್ಲಿ ಭಾರ ಒತ್ತಿದಷ್ಟೂ ನಡು ಎದ್ದು ನಿಲ್ಲುತ್ತದೆ.” ಜೆಟ್ಟಿಯ ಬಗ್ಗೆ ಇಂಗ್ಲೆಂಡಿನ ತಜ್ಞರು ಕೊಡುವ ಕಾರಣಗಳಲ್ಲಿ ಇದೂ ಒಂದು. ಮಾವನಿಗೆ ಅದು ಓದದೇ ಗೊತ್ತಿತ್ತು. ನಮ್ಮ ಬಾಡಿಗೆ ಕೋಣೆಯ ಕೆಳಗಿನ ನಡುಮನೆಯಲ್ಲೂ ಅವರು ಒಂದು ಗಮನಿಸಿದ್ದರು: ಜಂತೆಗಳನ್ನು ಅಗಲದ ಮೇಲೆ ಮಲಗಿಸಿದ್ದಾರೆ, ನಾವು ಮಾಡುವಂತೆ ಅಂಚಿನ ಮೇಲೆ ನಿಲ್ಲಿಸಿಲ್ಲ. ಹಳೆಯ ಕಾಲದ ಇಂಗ್ಲಿಷ್ ಬಡಗಿಗಳು ಹಾಗೇ ಮಾಡುತ್ತಿದ್ದರು; ನಿಲ್ಲಿಸಿದರೆ ಕಡಿಮೆ ಮರದಲ್ಲಿ ಹೆಚ್ಚು ಬಲ ಎಂಬ ಅರಿವು ರೂಢಿಗೆ ಬಂದದ್ದು ಆಮೇಲೆ.

ಬೀದಿಗೆ ತೆರೆದ ಗಾಡಿಬಾಗಿಲು ಈ ಮನೆಯ ಹಳೆಯ ಕಸುಬಿನ ಅತಿ ಸ್ಪಷ್ಟ ಸಾಕ್ಷಿ. ಒಂದು ಕುಟುಂಬಕ್ಕೆ ಅಷ್ಟು ಅಗಲದ ಬಾಗಿಲು ಬೇಡ. ಗಾಡಿಯೂ ಕುದುರೆಯೂ ಒಳನುಗ್ಗಿ ಹಿತ್ತಲಿನ ಅಂಗಳ ಸೇರಬೇಕಾದ ಕಡೆ ಬೇಕು. ಸಂತೆಗೆ ಬಂದ ವ್ಯಾಪಾರಿ ಇಲ್ಲಿ ಇಳಿದು, ಕುದುರೆ ಬಿಟ್ಟು, ಮೇಲೆ ಹೋಗಿ ಮಲಗುತ್ತಿದ್ದ. ಈ ಊರಿಗೆ ಸಂತೆ ಬಂದದ್ದು 1141ರಲ್ಲಿ, ಪಕ್ಕದ ನ್ಯೂಪೋರ್ಟಿನಿಂದ ಕಿತ್ತು ತಂದದ್ದು. ಇಂದಿಗೂ ಮಂಗಳವಾರ, ಶನಿವಾರ ಅದೇ ಚೌಕದಲ್ಲಿ ಸಂತೆ ಸೇರುತ್ತದೆ. ನಾವು ನಿಂತಿದ್ದಾಗಲೂ ಕೆಳಗಿನಿಂದ ತರಕಾರಿಯವರ ಕೂಗು ಕೇಳುತ್ತಿತ್ತು.

ಇನ್ನು ಆ ಗೋಡೆಯ ಮೇಲಿನ ಚಿತ್ರಗಳು. ಇದಕ್ಕಾಗಿಯೇ ಜನ ದೂರದಿಂದ ಬರುತ್ತಾರೆ. ಪಾರ್ಜೆಟಿಂಗ್ ಎಂದು ಹೆಸರು: ಗಾರೆಯಲ್ಲಿ ಎಬ್ಬಿಸಿದ ಉಬ್ಬುಚಿತ್ರ. ಎಸೆಕ್ಸ್, ಸಫೋಕ್ ಸೀಮೆಯ ಕಸುಬು ಇದು. ಮರದ ಚೌಕಟ್ಟಿನ ಮೇಲೆ ತೆಳುವಾದ ಪಟ್ಟಿಗಳನ್ನು ಬಡಿದು, ಸುಣ್ಣ, ಮರಳು, ದನದ ಅಥವಾ ಆಡಿನ ಕೂದಲು ಕಲಸಿದ ಗಾರೆಯನ್ನು ಪದರ ಪದರವಾಗಿ ಮೆತ್ತುತ್ತಾರೆ. ಕೊನೆಯ ಪದರ ಹಸಿಯಾಗಿರುವಾಗ ಬಾಚಣಿಗೆಯಿಂದ ಗೀರಿ, ಅಚ್ಚು ಒತ್ತಿ, ದೊಡ್ಡ ಆಕೃತಿಗಳಾದರೆ ಕೈಯಲ್ಲೇ ಮೆತ್ತಿ ತಿದ್ದಿ ರೂಪ ಕೊಡುತ್ತಾರೆ. ಇಲ್ಲಿ ಹಕ್ಕಿಗಳಿವೆ, ಎಲೆಬಳ್ಳಿಗಳಿವೆ, ಹಣ್ಣುಗಳಿವೆ. ಮೇಲೆ ವರ್ಷ: 1676. ಅತ್ತ ಕೆಳದಿಯಲ್ಲಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲ. ಅದನ್ನು ಹೇಳಿದಾಗ ಮಾವ ಆ ಅಂಕಿಯನ್ನು ಮತ್ತೊಮ್ಮೆ ನೋಡಿದರು.

ಎಲ್ಲಕ್ಕಿಂತ ಮೇಲೆ, ದೊಡ್ಡ ತ್ರಿಕೋನ ಮುಖದಲ್ಲಿ, ಇಬ್ಬರು ಜಟ್ಟಿಗಳು ಎದುರಾಬದುರಾಗಿ ನಿಂತಿದ್ದಾರೆ. ಒಬ್ಬ ಟಾಮ್ ಹಿಕಥ್ರಿಫ್ಟ್, ಇನ್ನೊಬ್ಬ ವಿಸ್‌ಬೆಕ್‌ನ ದೈತ್ಯ ಎಂದು ಊರಿನ ನಂಬಿಕೆ. ಲಂಡನ್ನಿನ ಪುರಾಣದ ದೈತ್ಯರಾದ ಗಾಗ್ ಮತ್ತು ಮೇಗಾಗ್ ಇರಬೇಕು ಎನ್ನುವವರೂ ಇದ್ದಾರೆ. ನನ್ನ ಮನಸ್ಸು ಟಾಮ್‌ನ ಕಡೆಗೇ ವಾಲುತ್ತದೆ. ಅದಕ್ಕೆ ಕಾರಣ ಅವನ ಕಥೆಯೇ. ಉತ್ತರದ ಜವುಗು ನಾಡಿನ ಬಡವಿಯ ಮಗ ಟಾಮ್, ಅಪಾರ ಬಲಶಾಲಿ. ಲಿನ್ ಪಟ್ಟಣದ ಬಿಯರ್ ವ್ಯಾಪಾರಿಯೊಬ್ಬನ ಬಳಿ ಗಾಡಿ ಹೊಡೆಯುವ ಕೆಲಸಕ್ಕೆ ಸೇರಿ ವಿಸ್‌ಬೆಕ್‌ಗೆ ಬಿಯರ್ ಸಾಗಿಸುತ್ತಿದ್ದ. ನಡುವಿನ ಜವುಗನ್ನು ಒಬ್ಬ ದೈತ್ಯ ಹಿಡಿದುಕೊಂಡಿದ್ದರಿಂದ ಎಲ್ಲರೂ ಸುತ್ತು ಬಳಸಿ ಹೋಗಬೇಕಿತ್ತು. ಟಾಮ್ ಒಂದು ದಿನ ಗಾಡಿಯನ್ನು ನೇರ ನುಗ್ಗಿಸಿದ. ದೈತ್ಯ ಗದೆ ಹಿಡಿದು ಬಂದಾಗ ಗಾಡಿಯನ್ನು ಮಗುಚಿ, ಅಚ್ಚುಮರವನ್ನು ಕಿತ್ತು ಆಯುಧ ಮಾಡಿಕೊಂಡ, ಚಕ್ರವನ್ನು ಗುರಾಣಿಯಾಗಿ ಹಿಡಿದ. ದೈತ್ಯ ಸತ್ತ, ದಾರಿ ತೆರೆಯಿತು.

ಬಿಯರ್ ಗಾಡಿಯವನೊಬ್ಬ ದಾರಿ ತೆರೆದ ಕಥೆಯನ್ನು ಗಾಡಿಗಳು ಬಂದು ನಿಲ್ಲುವ, ಬಿಯರ್ ಮಾರುವ ಮನೆಯ ಹಣೆಯ ಮೇಲೆ ಬರೆಯುವುದು ಎಷ್ಟು ಒಪ್ಪುವ ಮಾತು! ಓದಲು ಬಾರದವರೇ ಹೆಚ್ಚಿದ್ದ ಕಾಲದಲ್ಲಿ ಸತ್ರಗಳಿಗೆ ಸೂರ್ಯ, ಗಂಟೆ, ಹಂಸ ಎಂದೆಲ್ಲ ಚಿತ್ರದ ಹೆಸರುಗಳಿದ್ದವು. ಹಗಲೆಲ್ಲ ಜವುಗು ದಾರಿಯಲ್ಲಿ ಗಾಡಿ ಹೊಡೆದು ದಣಿದು ಬಂದವನು ತಲೆಯೆತ್ತಿ ಟಾಮ್‌ನನ್ನು ನೋಡಿ ತನ್ನವನೆಂದು ಗುರುತು ಹಿಡಿದಿರಬೇಕು. ಮಾವ ಇದನ್ನು ಕೇಳಿ, “ಹಾಗಾದರೆ ಇದು ಗಾಡಿಯವರ ಸ್ವಾಗತ ಗೋಪುರ” ಎಂದರು.

ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಅರಸನ ವಿರುದ್ಧ ಪಾರ್ಲಿಮೆಂಟಿನ ಪರ ಕಾದಿದ ದಂಡನಾಯಕ ಆಲಿವರ್ ಕ್ರಾಮ್‌ವೆಲ್ ಇಲ್ಲಿ ತಂಗಿದ್ದನೆಂಬ ಪ್ರತೀತಿಯೂ ಇದೆ. ಅವನು ಊರಿಗೆ ಬಂದದ್ದಂತೂ ನಿಜ. 1647ರಲ್ಲಿ ಸೇನಾಪತಿ ಫೇರ್‌ಫ್ಯಾಕ್ಸ್‌ನ ಪಾಳೆಯ ಇಲ್ಲಿತ್ತು. ಬಾಕಿ ಸಂಬಳ ಕೊಡದೆ ಸೈನ್ಯವನ್ನು ಚದುರಿಸಲು ಹೊರಟ ಪಾರ್ಲಿಮೆಂಟಿನ ಮೇಲೆ ಸಿಪಾಯಿಗಳು ಸಿಡಿದೆದ್ದಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಪಾರ್ಲಿಮೆಂಟಿನ ಪರವಾಗಿ ಮಾತಾಡಲು ಬಂದವರಲ್ಲಿ ಕ್ರಾಮ್‌ವೆಲ್ ಒಬ್ಬ. ಮಾತುಕತೆ ನಡೆದದ್ದು ಇಲ್ಲಿಂದ ಕೂಗಳತೆಯಲ್ಲಿರುವ ಸೇಂಟ್ ಮೇರಿ ಚರ್ಚಿನಲ್ಲಿ. ಅವನು ಇದೇ ಸತ್ರದಲ್ಲಿ ಮಲಗಿದ್ದರೂ ಟಾಮ್‌ನನ್ನಾಗಲಿ ಈ ಹಕ್ಕಿಗಳನ್ನಾಗಲಿ ನೋಡಿರಲಾರ. ಅವು ಗೋಡೆಗೆ ಬಂದದ್ದು ಇಪ್ಪತ್ತೊಂಬತ್ತು ವರ್ಷಗಳ ನಂತರ.

ಚಿತ್ರ ನೋಡುವವರು ಮರೆಯುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಈ ಗಾರೆ ಅಲಂಕಾರ ಮಾತ್ರವಲ್ಲ, ಅದು ಮನೆಯ ಕಂಬಳಿ. ಕಪ್ಪು ಬಳಿದ ತೊಲೆ, ಬಿಳಿ ಗೋಡೆ ಎಂಬ ಇಂಗ್ಲಿಷ್ ಮನೆಯ ಪ್ರಸಿದ್ಧ ಚಿತ್ರ ಬಹಳ ಮಟ್ಟಿಗೆ 19ನೆಯ ಶತಮಾನದ ಅಭಿರುಚಿ. ಎಸೆಕ್ಸ್‌ನ 17ನೆಯ ಶತಮಾನದವರು ಮರವನ್ನು ಗಾರೆಯಡಿ ಮುಚ್ಚಿ ಗಾಳಿ ಮಳೆಯಿಂದ ಕಾಪಾಡಿದರು. ಸುಣ್ಣದ ಗಾರೆ ಉಸಿರಾಡುತ್ತದೆ. ಒಳಗೆ ಇಳಿದ ತೇವವನ್ನು ಹೊರಗೆ ಬಿಡುತ್ತದೆ. ಕಳೆದ ಶತಮಾನದಲ್ಲಿ ಎಷ್ಟೋ ಕಡೆ ಒಳ್ಳೆಯ ಮನಸ್ಸಿನಿಂದಲೇ ಸಿಮೆಂಟ್ ಬಳಿದು, ತೇವ ಒಳಗೇ ಸಿಕ್ಕಿ, ಓಕ್ ಕಂಬಗಳು ಯಾರಿಗೂ ಕಾಣದಂತೆ ಕೊಳೆತವು. ಮಾವ ನಿಟ್ಟುಸಿರು ಬಿಟ್ಟರು. ಬೆಲ್ಲ, ಅಳಲೆಕಾಯಿ ನೀರು ಹಾಕಿ ತಿಂಗಳುಗಟ್ಟಲೆ ಕೊಳೆಯಿಟ್ಟ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದ ಗೋಡೆಗಳನ್ನು ಅವರೂ ಒಡೆದು ನೋಡಿದ್ದಾರೆ.

ಕಟ್ಟಡ ಇಂದು ಹಳೆಯ ಕಟ್ಟಡ, ನೆಲಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಆಸ್ತಿ. ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಮೊದಲ ದರ್ಜೆ. ಅಪ್ಪಣೆಯಿಲ್ಲದೆ ಒಂದು ಕಿಟಕಿಯನ್ನೂ ಬದಲಿಸುವಂತಿಲ್ಲ. ಆದರೂ ಅದನ್ನು ಮ್ಯೂಸಿಯಂ ಮಾಡಿ ಹಗ್ಗ ಕಟ್ಟಿಲ್ಲ. ಕಿಟಕಿಯಲ್ಲಿ ಪರದೆ ಇತ್ತು. ಒಮ್ಮೆ ಯಾರೋ ಅದನ್ನು ಸರಿಸಿದರು, ಮಾವ ತಕ್ಷಣ ಮುಖ ಬೇರೆ ಕಡೆ ತಿರುಗಿಸಿದರು. “ಗೋಡೆ ನೋಡಬಹುದು, ಮನೆಯೊಳಗೆ ಇಣುಕಬಾರದು” ಎಂದರು. ಆ ಬೆಳಗಿನ ಉಳಿದ ಹೊತ್ತೆಲ್ಲ ನಾವು ಕಿಟಕಿಗಳನ್ನು ಬಿಟ್ಟು ಗೋಡೆಯನ್ನು ಮಾತ್ರ ನೋಡಿದೆವು.

ಮಧ್ಯಾಹ್ನ ಚರ್ಚಿನೊಳಗೆ ಕೇಸರಿ ಹೂವಿನ ಕೆತ್ತನೆ ನೋಡಿದೆವು. ಊರಿನ ಹೆಸರಿನ ಸ್ಯಾಫ್ರನ್ ಎಂದರೆ ಕೇಸರಿಯೇ; 16, 17ನೆಯ ಶತಮಾನಗಳಲ್ಲಿ ಸುತ್ತಲಿನ ಹೊಲಗಳಲ್ಲಿ ಅದೇ ಬೆಳೆ. ಊರಿನ ಬಯಲಿನಲ್ಲಿ ಹುಲ್ಲುನೆಲ ಕೊರೆದು ಮಾಡಿದ ಸುರುಳಿದಾರಿ ಇದೆ, ಇಂಗ್ಲೆಂಡಿನಲ್ಲಿ ಉಳಿದಿರುವವುಗಳಲ್ಲೇ ದೊಡ್ಡದು. ಮಳೆ ಹನಿಯುತ್ತಿತ್ತು, ಅರ್ಧ ಸುತ್ತು ನಡೆದು ವಾಪಸಾದೆವು.

ಭಾನುವಾರ

ನ್ಯೂಪೋರ್ಟ್ ಹಳ್ಳಿಗೆ ನಡೆದುಕೊಂಡು ಹೋದೆವು. ದಾರಿಯಲ್ಲಿ ಮಾವ ಹೆಚ್ಚು ಮಾತಾಡಲಿಲ್ಲ.

ಅಲ್ಲಿನ ಮಾಂಕ್ಸ್ ಬಾರ್ನ್ ಎಂಬ 15ನೆಯ ಶತಮಾನದ ಮನೆಯನ್ನು ನೋಡಿದರೆ ಸೂರ್ಯ ಸತ್ರದ ಒಳಮೈ ಹಿಂದೆ ಹೇಗಿದ್ದಿರಬಹುದು ಎಂಬ ಊಹೆ ಸಿಗುತ್ತದೆ. ನಡುವೆ ಚಾವಣಿಯವರೆಗೆ ತೆರೆದ ಒಂದೇ ಎತ್ತರದ ಹಜಾರ, ಎರಡು ತುದಿಗಳಲ್ಲಿ ಬೀದಿಗೆ ಚಾಚಿದ ಮಹಡಿಗಳು, ಎಲ್ಲದರ ಮೇಲೂ ಒಂದೇ ಉದ್ದನೆಯ ಮಾಡು. ನಡುಭಾಗ ಮಾತ್ರ ಹಿಂದೆ ಸರಿದು ನಿಂತಂತೆ ಕಾಣುತ್ತದೆ. ಇಂಥ ಹಜಾರಗಳ ನಡುವೆ ನೆಲದ ಮೇಲೇ ಬೆಂಕಿ ಉರಿಯುತ್ತಿತ್ತು. ಹೊಗೆ ಮಾಡಿನ ಸಂದಿಗಳಲ್ಲಿ ಹೊರಟುಹೋಗುತ್ತಿತ್ತು. 16ನೆಯ ಶತಮಾನದಲ್ಲಿ ಇಟ್ಟಿಗೆಯ ಹೊಗೆಗೂಡು ಬಂದಮೇಲೆ ಹಜಾರಗಳ ನಡುವೆ ಅಟ್ಟ ಹಾಕಿ ಮೇಲೂ ಕೋಣೆಗಳನ್ನು ಮಾಡಿಕೊಂಡರು. ಹೀಗೆ ಒಂದು ಕಾಲದ ಮಾಡಿನ ತೊಲೆ ಇನ್ನೊಂದು ಕಾಲದ ಮಲಗುವ ಕೋಣೆಗೆ ಬಂದಿತು. ಮಸಿ ಹಿಡಿದ ಪಕಾಸಿಗಳು ಅಟ್ಟದ ಕತ್ತಲಲ್ಲಿ ಉಳಿದವು. ಮಾಂಕ್ಸ್ ಬಾರ್ನ್‌ನ ಮುಂಚಾಚಿದ ಕಿಟಕಿಯ ಕೆಳಗೆ ಮಗುವನ್ನೆತ್ತಿದ ಮೇರಿಯನ್ನೂ ವಾದ್ಯ ನುಡಿಸುವ ದೇವದೂತರನ್ನೂ ಮರದಲ್ಲಿ ಕಡೆದಿದ್ದಾರೆ. ಗಾಳಿ ಮಳೆಗೆ ಸವೆದು ಮುಖಗಳು ಮಾಸಿವೆ. ಅದೂ ಈಗ ಮನೆಯೇ. ಕಂಬಗಳ ನಡುವೆ ತಡಿಕೆಯ ಬದಲು ಇಟ್ಟಿಗೆ ತುಂಬಿದ್ದಾರೆ.

ಸಂಜೆ ಮಾವ ಎಂದೂ ಇಲ್ಲದಂತೆ ಯಜಮಾನಿಯ ಬಳಿ ತಾವಾಗಿಯೇ ಮಾತಿಗೆ ಇಳಿದರು. ಅವರ ಕನ್ನಡಕ್ಕೂ ಆಕೆಯ ಇಂಗ್ಲಿಷಿಗೂ ನಡುವೆ ನಾನು. “ಇಷ್ಟು ವರ್ಷದಲ್ಲಿ ಕಂಬದ ಬುಡ ಕೊಳೆಯಲಿಲ್ಲವೇ ಎಂದು ಕೇಳು” ಎಂದರು. ಕೇಳಿದೆ. ಆಕೆ ಏನೂ ಹೇಳದೆ ಎದ್ದು, ಹಿತ್ತಲ ಬಾಗಿಲು ತೆರೆದು, ಬ್ಯಾಟರಿ ಹಿಡಿದು ತೋರಿಸಿದರು.

ಹಿಂಗೋಡೆಯ ಮೂಲೆಕಂಬ. ನೆಲದಿಂದ ಮೊಳಕಾಲಿನ ಎತ್ತರದವರೆಗೆ ಹೊಸ ಓಕ್, ಅಲ್ಲಿಂದ ಮೇಲೆ ಹಳೆಯದು. ಕೊಳೆತದ್ದನ್ನು ಮಾತ್ರ ಕತ್ತರಿಸಿ ತೆಗೆದಿದ್ದಾರೆ. ಹಳೆಯ ಮರದ ಕೆಳತುದಿಯನ್ನು ಅರ್ಧ ದಪ್ಪಕ್ಕೆ ಉದ್ದವಾಗಿ ಕೊರೆದು, ಹೊಸ ಮರದ ಮೇಲ್ತುದಿಯನ್ನೂ ಹಾಗೇ ಕೊರೆದು, ಎರಡು ಕೈಗಳು ಒಂದನ್ನೊಂದು ಹಿಡಿದಂತೆ ಸೇರಿಸಿ, ಅಡ್ಡಲಾಗಿ ಓಕ್ ಗೂಟಗಳನ್ನು ಹೊಡೆದಿದ್ದಾರೆ. ಕಬ್ಬಿಣವಿಲ್ಲ, ಅಂಟಿಲ್ಲ. ಹೊಸ ಮರಕ್ಕೆ ಹಳೆಯ ಬಣ್ಣ ಬಳಿದು ಮುಚ್ಚಿಟ್ಟಿಲ್ಲ. ಎಲ್ಲಿ ಕೂಡಿಸಿದೆ ಎಂಬುದು ನೋಡಿದವರಿಗೆ ತಿಳಿಯಬೇಕು ಎಂಬುದೇ ಇಲ್ಲಿನ ಪದ್ಧತಿ. ಹಳೆಯದನ್ನು ಹೊಸದರಂತೆ ಮಾಡಬೇಡಿ, ಇದ್ದದ್ದನ್ನು ರಿಪೇರಿ ಮಾಡಿ ಉಳಿಸಿಕೊಳ್ಳಿ ಎಂದು ಕವಿ, ಕಲಾವಿದ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘವನ್ನೇ ಕಟ್ಟಿದ್ದ. ಆ ಮಾತು ಈ ಹಿತ್ತಲಿನವರೆಗೂ ತಲುಪಿದೆ.

ಮಾವ ಮಂಡಿಯೂರಿ ಕೂತರು. ಗೂಟದ ತಲೆಯನ್ನು ಹೆಬ್ಬೆರಳಿನಿಂದ ಒತ್ತಿದರು. “ಎರಡು ತೂತು ಒಂದೇ ನೇರದಲ್ಲಿ ಕೊರೆದಿಲ್ಲ, ನೋಡು. ಒಂದನ್ನು ಕೂದಲೆಳೆಯಷ್ಟು ಜಾರಿಸಿದ್ದಾರೆ. ಗೂಟ ಬಡಿದ ಹಾಗೆಲ್ಲ ಸಂದಿ ಬಿಗಿಯುತ್ತದೆ.” ಆಮೇಲೆ ಯಜಮಾನಿಯನ್ನು ನೋಡಿ, ಕನ್ನಡದಲ್ಲೇ, “ಒಳ್ಳೆಯ ಕೈ” ಎಂದರು. ಆಕೆಗೆ ಅನುವಾದ ಬೇಕಾಗಲಿಲ್ಲ. ಹಸಿ ಓಕನ್ನೇ ಬಳಸುತ್ತಾರೆ, ಒಣಗಿದರೆ ಉಳಿ ಇಳಿಯುವುದಿಲ್ಲ ಎಂದು ಆಕೆ ಹೇಳಿದ್ದನ್ನು ಕೇಳಿ ಮಾತ್ರ ಮಾವನಿಗೆ ಬಹಳ ಸೋಜಿಗವಾಯಿತು. ನಮ್ಮಲ್ಲಿ ಅಮಾವಾಸ್ಯೆಯ ಹೊತ್ತಿಗೆ ಕಡಿದು, ಕೆರೆಯಲ್ಲಿ ಮುಳುಗಿಸಿ, ನೆರಳಲ್ಲಿ ಒಣಗಿಸಿದ ಮರಕ್ಕೆ ಮಾತ್ರ ಉಳಿ ಮುಟ್ಟಿಸುವುದು. ಇಲ್ಲಿ ಮನೆ ಕಟ್ಟಿದ ಮೇಲೆ ಮರ ನಿಂತಲ್ಲೇ ಒಣಗಿ, ತಿರುಚಿ, ತನ್ನ ಗೂಟವನ್ನು ತಾನೇ ಬಿಗಿಹಿಡಿಯುತ್ತದೆ. ಈ ಬೀದಿಗಳ ಸೊಟ್ಟ ಗೋಡೆಗಳಿಗೆ, ನಮ್ಮ ಮಂಚದ ಕೆಳಗಿನ ಮರದ ತುಂಡುಗಳಿಗೆ ಅದೂ ಒಂದು ಕಾರಣ.

ಆ ರಾತ್ರಿ ಅವರು ನನ್ನಿಂದ ಒಂದು ಪೆನ್ಸಿಲ್, ನಾಲ್ಕು ಹಾಳೆ ಇಸಿದುಕೊಂಡರು.

ಸೋಮವಾರ

ಬಸ್ಸಿನಲ್ಲಿ ಥ್ಯಾಕ್ಸ್‌ಟೆಡ್‌ಗೆ ಹೋದೆವು. ಅಲ್ಲಿನ ಗಿಲ್ಡ್‌ಹಾಲ್ 15ನೆಯ ಶತಮಾನದ್ದು, ಮೂರು ಅಂತಸ್ತು, ಒಂದರ ಮೇಲೊಂದು ಮೂರು ಕಡೆಗೂ ಚಾಚಿಕೊಂಡು ಕೊಡೆ ಬಿಚ್ಚಿದಂತೆ ನಿಂತಿದೆ. ಕೆಳಗೆ ಸಂತೆಗೆಂದು ತೆರೆದ ಕಂಬಸಾಲು. ಎರಡು ಬದಿ ಚಾಚುವ ಮಹಡಿಗೆ ಮೂಲೆಯಲ್ಲಿ ಒಂದು ತೊಡಕು ಬರುತ್ತದೆ: ಜಂತೆಗಳು ಎರಡು ದಿಕ್ಕಿಗೆ ಹೋಗಬೇಕು. ಅದಕ್ಕಾಗಿ ಮೂಲೆಗೆ ಓರೆಯಾಗಿ ಒಂದು ದಪ್ಪ ತೊಲೆ ಹಾಕಿ ಎರಡೂ ಕಡೆಯ ಜಂತೆಗಳನ್ನು ಅದಕ್ಕೆ ಸೇರಿಸುತ್ತಾರೆ. ಡ್ರ್ಯಾಗನ್ ತೊಲೆ ಎಂದು ಅದರ ಹೆಸರು. ಅದನ್ನು ಹೊರುವ ಮೂಲೆಕಂಬಕ್ಕೆ ಹಲವು ಕಡೆ ಮರವನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದರು, ಬೇರಿನ ಕಡೆಯ ದಪ್ಪ ಮೇಲೆ ಬಂದು ಬೋದಿಗೆಯಾಗಲಿ ಎಂದು. ಮಾವ ಈ ಮಾತಿಗೆ ಖುಷಿಯಾಗಿ ನಕ್ಕರು. ಆದರೆ ಅವರ ಮನಸ್ಸು ಅಲ್ಲಿರಲಿಲ್ಲ. ಜೇಬಿನಲ್ಲಿ ಮಡಚಿದ ಹಾಳೆಯನ್ನು ಎರಡು ಸಲ ತೆಗೆದು ನೋಡಿದರು. ಮೂರು ಗಂಟೆಗೇ ವಾಪಸ್ ಬಸ್ ಹತ್ತಿಸಿದರು.

ರೈಲಿಗೆ ಹೊತ್ತಿತ್ತು. ಕೇಳದೆಯೇ ಇಬ್ಬರ ಕಾಲೂ ಚರ್ಚ್ ಸ್ಟ್ರೀಟಿನ ಕಡೆ ತಿರುಗಿದವು. ಕತ್ತಲಾಗುತ್ತಿತ್ತು, ಬೀದಿದೀಪ ಹತ್ತಿತ್ತು. ಓರೆಯಾಗಿ ಬಿದ್ದ ಬೆಳಕಿಗೆ ಗೋಡೆಯ ಹಕ್ಕಿಗಳು ಹಗಲಿಗಿಂತ ಹೆಚ್ಚು ಉಬ್ಬಿ ಕಂಡವು. ಮೇಲೆ ಟಾಮ್‌ನೂ ದೈತ್ಯನೂ ಕತ್ತಲಲ್ಲಿ ಅರ್ಧ ಮುಳುಗಿದ್ದರು. ಮಹಡಿಯ ಒಂದು ಕಿಟಕಿಯ ಪರದೆಯ ಹಿಂದೆ ದೀಪ ಉರಿಯುತ್ತಿತ್ತು. ಯಾರದೋ ಮನೆಯ ಅಡುಗೆಯ ಪರಿಮಳ, ಈರುಳ್ಳಿ ಬಾಡಿಸುತ್ತಿದ್ದರೋ ಏನೋ, ಬೀದಿಯಲ್ಲಿ ತೇಲುತ್ತಿತ್ತು.

ಮಾವ ಮೊಬೈಲ್ ತೆಗೆದರು. “ಊರಿನಲ್ಲಿ ಈಗ ರಾತ್ರಿ ಹನ್ನೊಂದು ದಾಟಿದೆ, ಎಲ್ಲರೂ ಮಲಗಿರುತ್ತಾರೆ ಮಾವ” ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಬಹಳ ಸಲ ರಿಂಗಾದ ಮೇಲೆ ತಮ್ಮನ ಮಗ ಎತ್ತಿದ.

“ಬ್ಯಾಟರಿ ತೆಗೆದುಕೊಂಡು ಪಡುವಣ ಜಗಲಿಗೆ ಹೋಗು. ಮೂಲೆಕಂಬ ಇದೆಯಲ್ಲ, ಅದರ ಬುಡ. ಬೆಳಿಗ್ಗೆ ಅಲ್ಲ, ಈಗಲೇ. ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಮೇಲೆ ಬಾ. ಎಲ್ಲಿ ಟೊಳ್ಳು ದನಿ ನಿಂತು ಗಟ್ಟಿ ದನಿ ಬರುತ್ತದೋ ಅಲ್ಲಿಗೆ ಗುರುತು ಹಾಕು.”

ನಾವು ಕಾದೆವು. ಫೋನಿನಲ್ಲಿ ಚಪ್ಪಲಿಯ ಸದ್ದು, ಬಾಗಿಲ ಚಿಲಕ, ಜೀರುಂಡೆಗಳ ಸದ್ದು, ಆಮೇಲೆ ಮರದ ಮೇಲೆ ಸುತ್ತಿಗೆ. ಟಕ್, ಟಕ್, ಟಕ್. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು.

“ಅಲ್ಲಿ. ನಿಲ್ಲಿಸು. ಅಳೆ.”

“ಒಂದೂವರೆ ಮೊಳ, ದೊಡ್ಡಪ್ಪ.”

ಮಾವ ಹಾಳೆಯನ್ನು ಗಾಡಿಬಾಗಿಲಿನ ಪಕ್ಕದ ಗೋಡೆಗೆ ಒತ್ತಿ ಹಿಡಿಯಲು ಕೈ ಎತ್ತಿದವರು, ಗಾರೆಯನ್ನು ನೋಡಿ ತಡೆದು, ನನ್ನನ್ನು ತಿರುಗಿ ನಿಲ್ಲುವಂತೆ ಹೇಳಿದರು. ನನ್ನ ಬೆನ್ನಿನ ಮೇಲೆ ಹಾಳೆಯಿಟ್ಟು, ತಾವು ಬರೆದ ಸಂದಿಯ ಚಿತ್ರದ ಪಕ್ಕದಲ್ಲಿ ಆ ಅಳತೆಯನ್ನು ಬರೆದುಕೊಂಡರು.